ಸೆಲೀನ್ ಬಾಯಿಯ ಸರ್ಕಸ್ ಕಂಪೆನಿ

ಲೂಯಿಸ್ ಪೊರ್ಬು ಹ್ಯಾಂಡಲ್ ಹಿಡಿದು ದನದ ಹಟ್ಟಿಯ ಕಡೆಗೆ ಎಳೆದರು. ಬೇಬಿ ಹಿಂದಿನಿಂದ ಕ್ಯಾರಿಯರ್ ಹಿಡಿದು ಅಂಗಳದ ಕಡೆಗೆ ಎಳೆದಳು. ನಡುವೆ ಸಿಕ್ಕಿಬಿದ್ದ ಲೇಡೀಸ್ ಸೈಕಲ್ಲು ಆಚೆಗೂ ಹೋಗದೆ ಈಚೆಗೂ ಬಾರದೆ ನಿಂತುಬಿಟ್ಟಿತು.

“ಬಿಡು ಬೇಬಿ. ಜನ ನೋಡ್ತಿದ್ದಾರೆ.”

“ನೋಡಲಿ ಪೊರ್ಬುಗಳೇ. ಸಾವಿನ ಮನೆಗೆ ಬಂದವರು ಕಣ್ಣು ಮುಚ್ಚಿಕೊಂಡು ಬರುತ್ತಾರಾ?”

“ಸಾವಿನ ಮನೆ ಅಂತ ಗೊತ್ತುಂಟಲ್ಲ ನಿನಗೆ? ಮತ್ತೆ ಈ ಸೈಕಲ್ ಎದುರಿಗೆ ಎಂತಕ್ಕೆ? ಹಟ್ಟಿಯಲ್ಲಿಟ್ಟು ಬೀಗ ಹಾಕ್ತೇನೆ. ಮಗಳು ಪ್ಯಾಟ್ರಿಶಿಯಾಳನ್ನು ನೋಡಿಹೋದ ಉಡುಪಿಯವರು ಇವತ್ತು ಬರುವವರಿದ್ದಾರೆ. ಅವರೆದುರು ನಮ್ಮ ಮರ್ಯಾದೆ ಹೋಗುವುದು ಬೇಡ.”

ಬೇಬಿ ಕ್ಯಾರಿಯರ್ ಬಿಡಲಿಲ್ಲ. ಬೀಡಿ ಕಟ್ಟಿ ಕಟ್ಟಿ ಗಟ್ಟಿಯಾದ ಬೆರಳುಗಳು ಅವಳವು. ಬಹರೈನಿನ ಆಫೀಸಿನಲ್ಲಿ ಪೆನ್ನು ಹಿಡಿದವರ ಕೈಗೆ ಅವು ಬಗ್ಗುವಂಥವಲ್ಲ. ಅಷ್ಟರಲ್ಲಿ ಯಾರೋ ಒಳಗಿನಿಂದ “ಲೂಯಿಸ್, ಫಾದರ್ ಕೇಳ್ತಿದ್ದಾರೆ” ಎಂದು ಕರೆದರು. ಪೊರ್ಬು ಹ್ಯಾಂಡಲ್ ಬಿಟ್ಟು, “ಇದು ಗೇಟು ದಾಟಿದರೆ ನಾನು ಸುಮ್ಮನಿರುವುದಿಲ್ಲ” ಎಂದು ಹೇಳಿ ಒಳಗೆ ಹೋದರು. ಬೇಬಿ ಸೈಕಲ್ಲನ್ನು ಬಾವಿಕಟ್ಟೆಗೆ ಒರಗಿಸಿ, ಸೀಟಿನ ಧೂಳನ್ನು ಸೆರಗಿನಿಂದ ಒರಸಿದಳು. ಸೀಟಿನಲ್ಲಿ ಧೂಳೇನೂ ಇರಲಿಲ್ಲ. ಪೊರ್ಬುವಿನ ತಂಗಿ ಸೆಲೀನ್ ಬಾಯಿ ನಿನ್ನೆಯಷ್ಟೇ ಅದನ್ನು ಒರಸಿಟ್ಟಿದ್ದರು.

ನಿನ್ನೆ ಡ್ಯೂಟಿ ಮುಗಿಸಿ ಉಡುಪಿಯ ಟೆಲಿಫೋನ್ ಎಕ್ಸ್‌ಚೇಂಜಿನಿಂದ ಕಾಪುವಿಗೆ ಆ ಸೈಕಲ್ಲನ್ನೇ ತುಳಿದುಕೊಂಡು ಬಂದವರು. ಊಟ ಮಾಡಿ, ತಟ್ಟೆ ತೊಳೆದಿಟ್ಟು, ಎದೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತರು. ಮತ್ತೆ ಏಳಲಿಲ್ಲ. ಇನ್ನೂ ರಿಟೈರ್ ಆಗುವ ಪ್ರಾಯವೂ ಆಗಿರಲಿಲ್ಲ.

ಚಾವಡಿಯಲ್ಲಿ ಅವರನ್ನು ಬಿಳಿ ಸೀರೆಯಲ್ಲಿ ಮಲಗಿಸಿ, ಕೈಗೆ ಜಪಸರ ಸುತ್ತಿದ್ದರು. ತಲೆಯ ಬಳಿ ಮ್ಯಾಗ್ಡಲಿನ್ ಬಾಯಿ ಕೂತಿದ್ದರು. ಊರಿನ ಕ್ರಿಸ್ತುವರ ಮನೆಗಳಲ್ಲಿ ಸಾವಾದರೆ ಪ್ರಾರ್ಥನೆ ಹೇಳಿಸುವವರು ಅವರೇ. ಯಾರು ಎಲ್ಲಿ ಕೂರಬೇಕು, ಯಾರು ಎಷ್ಟು ಅಳಬೇಕು ಎಂದು ತೀರ್ಮಾನಿಸುವವರೂ ಅವರೇ. ಎರಡು ಪ್ರಾರ್ಥನೆಗಳ ನಡುವೆ ಅವರು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು.

“ಪಾಪ. ಗಂಡ ಇಲ್ಲ, ಮಕ್ಕಳಿಲ್ಲ. ಯಾರೂ ಇರಲಿಲ್ಲ ಅವಳಿಗೆ.”

“ಆ ಸೈಕಲ್ಲೇ ತಿಂದದ್ದು ಅಂತ ಹೇಳ್ತಾರಲ್ಲ?” ಎಂದಳು ಪಕ್ಕದವಳು.

“ಮತ್ತೆ? ಹೆಂಗಸರ ಎದೆ ಅಷ್ಟು ತುಳಿತ ತಡೀತದಾ? ಪಾಪ.”

ಬಾಗಿಲಲ್ಲಿ ನಿಂತಿದ್ದ ಬೇಬಿಗೆ ಮೈಯೆಲ್ಲ ಉರಿಯಿತು. ಸತ್ತದ್ದಕ್ಕೆ ಅವಳು ಬೆಳಗಿನ ಜಾವದಿಂದ ಅತ್ತಿದ್ದಳು. ಈಗ ಬಂದ ಸಿಟ್ಟು ಬೇರೆ. ‘ಪಾಪ’ವಂತೆ. ಈ ಊರಿನಲ್ಲಿ ಪಾಪ ಅಲ್ಲದ ಹೆಂಗಸು ಒಬ್ಬರೇ ಇದ್ದದ್ದು, ಅದು ಈ ಸೆಲೀನ್ ಬಾಯಿ. ಅಂಥವರನ್ನು ‘ಯಾರೂ ಇಲ್ಲದವಳು’ ಎಂದು ಹೇಳಿ ಮಣ್ಣಿಗೆ ಕಳಿಸುತ್ತಾರಾ? ನಾನು ಬದುಕಿರುವಾಗ ಆಗುವ ಕೆಲಸ ಅಲ್ಲ ಎಂದುಕೊಂಡು ಅವಳು ಮೆಟ್ಟಿಲಿಳಿದು, ರಸ್ತೆಯ ತುದಿಯವರೆಗೆ ಕಣ್ಣು ಹಾಯಿಸಿದಳು. ಅವಳು ಬರಹೇಳಿದ್ದ ಗೆಳತಿಯರು ಇನ್ನೂ ಬಂದಿರಲಿಲ್ಲ.

*

ಹತ್ತು ಹನ್ನೊಂದು ವರ್ಷದ ಹಿಂದಿನ ಮಾತು. ಬೇಬಿ ಬೀಡಿಯ ಬುಟ್ಟಿ ತಲೆಯ ಮೇಲಿಟ್ಟು ಕಂಪೆನಿಯ ಬ್ರಾಂಚಿಗೆ ನಡೆದು ಹೋಗುತ್ತಿದ್ದಾಗ ಹಿಂದಿನಿಂದ ಬೆಲ್ಲು ಕೇಳಿಸಿತು. ಸೆಲೀನ್ ಬಾಯಿ ಒಂದು ಕಾಲು ನೆಲಕ್ಕೂರಿ ನಿಂತರು. ಬೆಳಗಿನ ಡ್ಯೂಟಿಯ ಹೊತ್ತಿಗೆ ಬಸ್ಸಿಲ್ಲವೆಂದು ಅವರು ಸೈಕಲ್ ತೆಗೆದುಕೊಂಡು ಆಗಷ್ಟೇ ಒಂದು ಮಳೆಗಾಲ ಕಳೆದಿತ್ತು. ಊರು ಇನ್ನೂ ಆ ಮಾತನ್ನು ಅಗಿದು ಮುಗಿಸಿರಲಿಲ್ಲ.

“ದಿನಾ ಇಷ್ಟು ದೂರ ನಡೀತೀಯಾ ನೀನು?”

“ಮತ್ತೆಂತ ಮಾಡುವುದು ಬಾಯಿ? ಹಾರಲಿಕ್ಕೆ ರೆಕ್ಕೆ ಇಲ್ಲ.”

“ನಾಳೆ ಬೆಳಿಗ್ಗೆ ಕಡಲಿಗೆ ಬಾ. ಇಳಿತ ಉಂಟು.”

ಇಳಿತದ ಹೊತ್ತಿನಲ್ಲಿ ಕಾಪುವಿನ ಕಡಲಬದಿಯ ಒದ್ದೆ ಮರಳು ಸಿಮೆಂಟಿನ ಹಾಗೆ ಗಟ್ಟಿಯಿರುತ್ತದೆ. ಬಿದ್ದರೆ ಮಾತ್ರ ಮರಳು. ದೀಪಸ್ತಂಭದಿಂದ ಆಚೆ ಬಲೆ ಎಳೆಯುತ್ತಿದ್ದವರ ಎದುರಿಗೇ ಬೇಬಿ ಬುಡಮೇಲಾಗಿ ಬಿದ್ದಳು. “ದೊಡ್ಡ ಮೀನೇ ಬಿತ್ತು ಮಾರಾಯ” ಎಂದ ಅವರಲ್ಲೊಬ್ಬ. ಸೆಲೀನ್ ಬಾಯಿ ಹಿಂದೆ ತಿರುಗಿ, “ಆ ಮೀನು ಬರುವ ವಾರ ಉಡುಪಿಗೆ ಹೋಗ್ತದೆ. ನೀನು ಅಲ್ಲೇ ಹಗ್ಗ ಎಳೀತಾ ಇರು” ಎಂದರು. ಅವನ ಜೊತೆಯವರೇ ಅವನನ್ನು ನೋಡಿ ನಕ್ಕರು.

ಹಿಡಿದಿದ್ದೇನೆ, ಹಿಡಿದಿದ್ದೇನೆ ಎಂದು ನಂಬಿಸಿ ಮೆಲ್ಲಗೆ ಬಿಟ್ಟುಬಿಡುವ ಬುದ್ಧಿ ಅವರದಲ್ಲ. “ಈಗ ಬಿಡ್ತೇನೆ ನೋಡು. ಬಿಟ್ಟೆ. ಇನ್ನು ನಿನ್ನದೇ” ಎಂದು ಗಟ್ಟಿಯಾಗಿ ಹೇಳಿಯೇ ಬಿಟ್ಟರು. ಬೇಬಿ ಎರಡು ಸಲ ಬಿದ್ದಳು, ಮೂರನೆಯ ಸಲ ಬೀಳಲಿಲ್ಲ. ಒಂದು ಬದಿಯಲ್ಲಿ ನೊರೆ, ಇನ್ನೊಂದು ಬದಿಯಲ್ಲಿ ದೋಣಿಗಳು, ಮುಖಕ್ಕೆ ಗಾಳಿ. ಮದುವೆಯ ದಿನವೂ ಅವಳಿಗೆ ಅಷ್ಟು ಸಂತೋಷವಾಗಿರಲಿಲ್ಲ. ಈ ಮಾತನ್ನು ಅವಳು ಗಂಡ ಭುಜಂಗನಿಗೇ ಹೇಳಿದ್ದಳು. ಅವನು ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ಕಾಪು ಪೇಟೆಯ ಅಂಗಡಿಯಿಂದ ಬಾಡಿಗೆಗೆ ಒಂದು ಸೈಕಲ್ಲು ತಂದು ಅಂಗಳದಲ್ಲಿ ನಿಲ್ಲಿಸಿದ್ದ.

*

ಹನ್ನೊಂದು ಗಂಟೆಯ ಹೊತ್ತಿಗೆ ಬೇಬಿ ಬರಹೇಳಿದ್ದವರು ಬಂದರು. ಮೊದಲು ಎಲ್ಲೂರು ಶಾಲೆಯ ಮನೋರಮಾ ಟೀಚರ್. ಅವರ ಹಿಂದೆ ಟೈಲರ್ ಕಾನ್ಸೆಪ್ಟಾ, ಎರ್ಮಾಳಿನ ಇಬ್ಬರು ಅಕ್ಕತಂಗಿಯರು, ಮಣಿಪಾಲದಲ್ಲಿ ನರ್ಸ್ ಆಗಿರುವ ಮೂವರು. ಒಬ್ಬೊಬ್ಬರಾಗಿ ಗೇಟಿನ ಹೊರಗೆ ಇಳಿದು, ಸೈಕಲ್ಲುಗಳನ್ನು ಕಾಂಪೌಂಡಿಗೆ ಒರಗಿಸಿ, ಒಳಗೆ ಹೋಗಿ ನಮಸ್ಕರಿಸಿ ಬಂದರು. ಟೀಚರ್ ಸೆಲೀನ್ ಬಾಯಿಯ ಪಾದ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತರು. ಮ್ಯಾಗ್ಡಲಿನ್ ಬಾಯಿ ಅವರಿಗೂ “ಪಾಪ, ಯಾರೂ ಇರಲಿಲ್ಲ” ಎಂದರು. ಟೀಚರ್ ಎದ್ದು ಹೊರಗೆ ಬಂದರು.

“ಕೇಳಿಸಿತಾ ಟೀಚರ್?” ಎಂದಳು ಬೇಬಿ.

“ಕೇಳಿಸಿತು.”

“ಮತ್ತೆ ಸುಮ್ಮನೆ ಬಂದಿರಲ್ಲ?”

“ಹೆಣದ ಬಳಿ ಕೂತು ಜಗಳ ಮಾಡುವುದಾ ಬೇಬಿ? ಸೈಕಲ್ ತಂದಿದ್ದೇವಲ್ಲ, ಸಾಕು. ಇಗರ್ಜಿಯವರೆಗೆ ಬಾಯಿಯ ಹಿಂದೆ ಹೋಗುವ. ಕಂಡವರಿಗೆ ಕಾಣ್ತದೆ.”

“ಅದಕ್ಕೂ ಲೂಯಿಸ್ ಪೊರ್ಬು ಬಿಡುವುದಿಲ್ಲವಂತೆ.”

ಟೀಚರ್ ಕನ್ನಡಕ ತೆಗೆದು ಒರಸಿಕೊಂಡರು. “ನಮ್ಮನ್ನು ಯಾರು ಯಾವಾಗ ಬಿಟ್ಟದ್ದು ಹೇಳು?” ಎಂದರು.

*

ಅದು ನಿಜ. ಆದಿತ್ಯವಾರದ ಸೈಕಲ್ ಟೂರನ್ನು ಊರು ಯಾವತ್ತೂ ಸುಮ್ಮನೆ ಬಿಟ್ಟದ್ದಿಲ್ಲ. ಇಗರ್ಜಿಯಲ್ಲಿ ಮೊದಲ ಪೂಜೆ ಮುಗಿಸಿ ಸೆಲೀನ್ ಬಾಯಿ ಬರುವುದು, ಪೇಟೆಯ ಅಶ್ವತ್ಥಕಟ್ಟೆಯ ಬಳಿ ಉಳಿದವರು ಸೇರುವುದು, ಸೆರಗನ್ನು ಸೊಂಟಕ್ಕೆ ಸುತ್ತಿ ಹೊರಡುವುದು. ಒಮ್ಮೆ ಬಸ್ ಸ್ಟ್ಯಾಂಡಿನ ಹೋಟೆಲಿನವನು “ಸರ್ಕಸ್ ಕಂಪೆನಿ ಹೊರಟಿತು” ಎಂದ. ಸೆಲೀನ್ ಬಾಯಿ ಇಳಿದು ಅವನ ಗಲ್ಲಾದ ಬಳಿ ಹೋಗಿ, “ಸರ್ಕಸ್ಸಿಗೆ ಟಿಕೆಟ್ ಇರ್ತದೆ. ಎಲ್ಲರಿಗೂ ಚಾ ಕೊಡಿ” ಎಂದರು. ಕೊಟ್ಟ, ಪಾಪದವನು. ಅಂದಿನಿಂದ ಇವರೇ ತಮ್ಮನ್ನು ಸರ್ಕಸ್ ಕಂಪೆನಿ ಎಂದು ಕರೆದುಕೊಂಡರು. ಊರಿಗೆ ಆಮೇಲೆ ಹೇಳಲು ಏನೂ ಉಳಿಯಲಿಲ್ಲ.

ಮೊದಲ ದೊಡ್ಡ ಟೂರು ಕಾರ್ಕಳಕ್ಕೆ. ಶಿರ್ವ, ಬೆಳ್ಮಣ್ಣು, ನಿಟ್ಟೆ. ದಾರಿಯುದ್ದಕ್ಕೂ ತುಳು, ಕೊಂಕಣಿ, ಕನ್ನಡ ಪದಗಳನ್ನು ಕಲಸಿ ಹಾಡಿದರು. ಒಬ್ಬರ ಹಾಡು ಇನ್ನೊಬ್ಬರಿಗೆ ಬಾರದು, ಆದರೂ ಗಟ್ಟಿಯಾಗಿ ಹಾಡಿದರು. ಗದ್ದೆಯಲ್ಲಿ ನೇಜಿ ನೆಡುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ಕೈಬೀಸಿದರು. ನಿಟ್ಟೆ ದಾಟಿದ ಮೇಲಿನ ಏರಿನಲ್ಲಿ ಯಾರು ಮೊದಲು ಎಂದು ಪಂಥ ಕಟ್ಟಿ ತುಳಿದರು. ಮೇಲೆ ನಿಂತು ಉಸಿರು ಬಿಡುವಾಗ ನೋಡಿದರೆ ಮನೋರಮಾ ಟೀಚರ್ ಇಲ್ಲ.

ಸೆಲೀನ್ ಬಾಯಿ ಅದೇ ಉಸಿರಿನಲ್ಲಿ ಕೆಳಗಿಳಿದರು, ಹಿಂದೆಯೇ ಬೇಬಿ. ಟೀಚರ್ ಮೋರಿಯ ಕಟ್ಟೆಯ ಮೇಲೆ ಕೂತಿದ್ದರು. ಸೈಕಲ್ಲಿನ ಮುಖ ಊರ ಕಡೆಗಿತ್ತು.

“ನಾನು ನಿಧಾನ ಸೆಲೀನ್. ಇಳಿದುಬಿಟ್ಟೆ. ಕರೆಯಲಿಕ್ಕೆ ನಾಚಿಕೆಯಾಯಿತು. ನನ್ನಿಂದ ನಿಮ್ಮ ಟೂರು ಹಾಳಾಗುವುದು ಬೇಡ, ನೀವು ಹೋಗಿ.”

ಸೆಲೀನ್ ಬಾಯಿ ಟೀಚರನ್ನು ಸಮಾಧಾನ ಮಾಡಲಿಲ್ಲ. ಮೇಲಿದ್ದವರನ್ನೆಲ್ಲ ಕೂಗಿ ಕೆಳಗೆ ಕರೆಸಿ ಬೈದರು. “ಬಸ್ಸಿನಲ್ಲಿ ಬಂದಿದ್ದರೆ ಕಂಡಕ್ಟರ್ ಆದರೂ ತಲೆ ಎಣಿಸ್ತಿದ್ದ. ನಾವು ಎಂತದು? ಇವತ್ತಿನಿಂದ ಒಬ್ಬರು ಇಳಿದರೆ ಎಲ್ಲರೂ ಇಳಿಯುವುದು. ಹತ್ತುವಾಗ ಒಟ್ಟಿಗೆ ಹತ್ತುವುದು. ಇಷ್ಟ ಇಲ್ಲದವರು ಈಗಲೇ ಮನೆಗೆ ಹೋಗಿ.” ಯಾರೂ ಹೋಗಲಿಲ್ಲ. ಒಮ್ಮೆ ಹತ್ತಿ ಮುಗಿಸಿದ್ದ ಅದೇ ಏರನ್ನು ಎಲ್ಲರೂ ಸೈಕಲ್ ದೂಡಿಕೊಂಡು ಮತ್ತೊಮ್ಮೆ ಹತ್ತಿದರು. ದೂಡುವಾಗ ಎಷ್ಟೆಲ್ಲ ಮಾತಾಡಬಹುದು ಎಂದು ಆಗಲೇ ಗೊತ್ತಾದದ್ದು. ಯಾರ ಅತ್ತೆ ಎಂಥವಳು, ಯಾರ ಗಂಡ ಕುಡಿಯುತ್ತಾನೆ, ಯಾರಿಗೆ ಮಗು ನಿಲ್ಲುವುದಿಲ್ಲ, ಎಲ್ಲ ಏರಿನಲ್ಲೇ ಹೊರಗೆ ಬಂತು.

ಗೊಮ್ಮಟಬೆಟ್ಟದ ಬುಡದಲ್ಲಿ ಬುತ್ತಿ ಬಿಚ್ಚಿದರೆ ಬೇಬಿಯ ಡಬ್ಬಿಯಿಂದ ಒಣಮೀನಿನ ಚಟ್ನಿಯ ಪರಿಮಳ ಎದ್ದಿತು. “ಅಯ್ಯೋ, ಮಹಾರಾಯ್ತಿ, ಜೈನರ ಬೆಟ್ಟಕ್ಕೆ ಮೀನು ತಂದಿದ್ದೀಯಲ್ಲ” ಎಂದು ಟೀಚರ್ ತಲೆಗೆ ಕೈಯಿಟ್ಟರು. ಬಿಸಿಲಿನಲ್ಲಿ ಎಲ್ಲರೂ ಮತ್ತೆ ಸೈಕಲ್ ಹತ್ತಿ, ಬೆಟ್ಟ ಕಣ್ಣಿಗೆ ಬೀಳದಷ್ಟು ದೂರ ಬಂದು, ಗೇರುಮರದ ಕೆಳಗೆ ಉಂಡು, ಕೈಬಾಯಿ ಎರಡೆರಡು ಸಲ ತೊಳೆದು, ಆಮೇಲೆ ಹೋಗಿ ಬೆಟ್ಟ ಹತ್ತಿದರು. ಮೇಲಿನ ಬಂಡೆಯ ಮೇಲೆ ಸೆಲೀನ್ ಬಾಯಿ ಚಪ್ಪಟೆ ಮಲಗಿ, “ಇಡೀ ವಾರ ಕಿವಿಗೆ ಜನರ ಮಾತು ಸಿಕ್ಕಿಸಿಕೊಂಡಿರ್ತೇನೆ. ಇಲ್ಲಿ ಒಂದೂ ಲೈನ್ ಇಲ್ಲ ನೋಡಿ” ಎಂದು ನಕ್ಕಿದ್ದರು.

*

ಮೂರು ಗಂಟೆಗೆ ಪೆಟ್ಟಿಗೆ ಎತ್ತಿದರು. ಮುಂದೆ ಶಿಲುಬೆ, ಬ್ಯಾಂಡಿನವರು, ಊರಿನ ಜನ, ಫಾದರ್. ನಾಲ್ಕು ಜನರ ಹೆಗಲ ಮೇಲೆ ಸೆಲೀನ್ ಬಾಯಿ. ಬಲಗಡೆಯ ಮುಂಭಾಗಕ್ಕೆ ಹೆಗಲು ಕೊಟ್ಟವನು ಕಾನ್ಸೆಪ್ಟಾಳ ಗಂಡ, ಆಚಾರಿ ಕೆಲಸದ ಜೋನ್. ಬೆಳಿಗ್ಗೆಯಿಂದ ಆ ಪೆಟ್ಟಿಗೆ ಮಾಡಿದವನೂ ಅವನೇ.

ಬೇಬಿ ಬಾವಿಕಟ್ಟೆಯಿಂದ ಸೈಕಲ್ ತೆಗೆದು ಗೇಟಿನತ್ತ ನಡೆಸಿದಳು. ಹೊರಗೆ ಸರ್ಕಸ್ ಕಂಪೆನಿ ಆಗಲೇ ಸಾಲಾಗಿ ನಿಂತಿತ್ತು. ಲೂಯಿಸ್ ಪೊರ್ಬು ಮೆರವಣಿಗೆ ಬಿಟ್ಟು ಓಡಿಬಂದರು. ಮುಖ ಕೆಂಪಾಗಿತ್ತು. ಉಡುಪಿಯವರು ಕಾರಿನ ಬಳಿ ನಿಂತು ನೋಡುತ್ತಿದ್ದರು.

“ಎಷ್ಟು ಸಲ ಹೇಳಬೇಕು ನಿಮಗೆ? ಇದು ನನ್ನ ತಂಗಿಯ ಮಣ್ಣು, ಸರ್ಕಸ್ ಅಲ್ಲ. ಹೆಣದ ಹಿಂದೆ ಯಾರೂ ಸೈಕಲ್ ಬಿಡಬಾರದು.”

“ಯಾರು ಬಿಡ್ತಾರೆ ಅಂದದ್ದು?” ಎಂದರು ಮನೋರಮಾ ಟೀಚರ್. ಕ್ಲಾಸಿನಲ್ಲಿ ಪಾಠ ಹೇಳುವ ದನಿಯೇ. “ಇವತ್ತು ನಾವು ಯಾರೂ ಹತ್ತುವುದಿಲ್ಲ. ಸೆಲೀನ್ ಇಳಿದಿದ್ದಾರೆ. ಒಬ್ಬರು ಇಳಿದರೆ ಎಲ್ಲರೂ ಇಳಿಯುವುದು ನಮ್ಮ ಕ್ರಮ. ದೂಡಿಕೊಂಡು ಬರ್ತೇವೆ.”

ಪೊರ್ಬು ತಿರುಗಿ ಫಾದರ್ ಕಡೆಗೆ ನೋಡಿದರು. ಫಾದರ್ ಪುಸ್ತಕದಲ್ಲಿ ಬೆರಳಿಟ್ಟುಕೊಂಡು ಸೈಕಲ್ಲುಗಳನ್ನೂ ಹೆಂಗಸರನ್ನೂ ನೋಡಿದರು.

“ರಸ್ತೆ ಇಗರ್ಜಿಯದ್ದಲ್ಲ ಲೂಯಿಸ್, ಸರ್ಕಾರದ್ದು. ನಡೆದು ಬರುವವರನ್ನು ನಾನು ಹೇಗೆ ಬೇಡ ಅನ್ನಲಿ?” ಎಂದು ಪುಸ್ತಕ ಬಿಡಿಸಿದರು.

ಮೆರವಣಿಗೆ ಹೊರಟಿತು. ಪೇಟೆಯಲ್ಲಿ ಅಂಗಡಿಯವರು ಬಾಗಿಲು ಅರ್ಧ ಎಳೆದು ನಿಂತರು. ಹೋಟೆಲಿನವನು ಗಲ್ಲಾ ಬಿಟ್ಟು ರಸ್ತೆಗಿಳಿದ. ಬೇಬಿ ಸೆಲೀನ್ ಬಾಯಿಯ ಸೈಕಲ್ಲನ್ನು ನಡೆಸುತ್ತಿದ್ದಳು. ಹತ್ತು ಹನ್ನೊಂದು ವರ್ಷ ಬಾಡಿಗೆ ಸೈಕಲ್ಲನ್ನೇ ತುಳಿದವಳು ಇವತ್ತು ಈ ಹ್ಯಾಂಡಲ್ ಹಿಡಿದಿದ್ದಳು. ಅವಳ ಕಣ್ಣು ಒದ್ದೆಯಾಗಿತ್ತು, ತಲೆ ಮಾತ್ರ ಬಗ್ಗಿರಲಿಲ್ಲ.

ಇಗರ್ಜಿಯ ಏರಿನ ಅರ್ಧದಲ್ಲಿ ಮನೋರಮಾ ಟೀಚರ ಸೈಕಲ್ಲಿನ ಚೈನು ಕಳಚಿ ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡಿತು. ದೂಡಿದರೆ ಬರುವುದಿಲ್ಲ, ಎಳೆದರೆ ಬರುವುದಿಲ್ಲ. ಹೆಂಗಸರೆಲ್ಲ ನಿಂತರು. ಪೆಟ್ಟಿಗೆ ಮುಂದೆ ಹೋಗುತ್ತಿತ್ತು.

“ನೀವು ಹೋಗಿ, ನೀವು ಹೋಗಿ” ಎಂದರು ಟೀಚರ್ ಕೂತು ಚೈನು ಎಳೆಯುತ್ತಾ. “ಬಾಯಿ ಒಬ್ಬರೇ ಹೋಗ್ತಾರೆ. ನನ್ನದು ಆಮೇಲೆ ನೋಡುವ.”

ಯಾರೂ ಕದಲಲಿಲ್ಲ. ಬೇಬಿ ಮೇಲಕ್ಕೆ ನೋಡಿದಳು. ಪೆಟ್ಟಿಗೆಯ ಹಿಂದೆ ಖಾಲಿ ರಸ್ತೆ ಉದ್ದವಾಗುತ್ತಾ ಹೋಯಿತು. ಇಷ್ಟೆಲ್ಲ ಹಟ ಹಿಡಿದದ್ದು ಇದಕ್ಕಾ? ಇಲ್ಲಿ ನಿಂತರೆ ಬಾಯಿ ಒಂಟಿ. ಮುಂದೆ ಹೋದರೆ ಟೀಚರ್ ಒಂಟಿ.

“ಜೋನ್” ಎಂದು ಕೂಗಿದಳು ಕಾನ್ಸೆಪ್ಟಾ. ಸಾವಿನ ಮೆರವಣಿಗೆಯಲ್ಲಿ ಹೆಂಡತಿ ಗಂಡನನ್ನು ಹಾಗೆ ಹೆಸರು ಹಿಡಿದು ಕೂಗಿದ್ದು ಆ ಊರಿನಲ್ಲಿ ಮೊದಲ ಸಲ ಇರಬೇಕು.

ಏರಿನ ಮೇಲೆ ಜೋನ್ ಹಿಂದೆ ತಿರುಗಿ ನೋಡಿದ. “ಇಳಿಸಿ, ಇಳಿಸಿ. ಹೆಗಲು ಬದಲಿಸಬೇಕು” ಎಂದ. ಪೆಟ್ಟಿಗೆಯನ್ನು ಅದಕ್ಕೆಂದೇ ಜೊತೆಗೆ ತಂದಿದ್ದ ಸ್ಟೂಲುಗಳ ಮೇಲೆ ಇಳಿಸಿದರು. ಹೆಗಲು ಬದಲಿಸುವುದೆಂದರೆ ಅರ್ಧ ನಿಮಿಷದ ಕೆಲಸ. ಜೋನ್ ಪಂಚೆ ಬಿಚ್ಚಿ ಕಟ್ಟಿದ. ಚಪ್ಪಲಿ ಕಳಚಿ ಕೊಡವಿದ. ಹೆಗಲಿನ ಟವೆಲನ್ನು ಮಡಚಿ, ಸರಿಯಾಗಲಿಲ್ಲವೆಂದು ಬಿಡಿಸಿ ಮತ್ತೆ ಮಡಚಿದ. ಲೂಯಿಸ್ ಪೊರ್ಬು ಏನೋ ಹೇಳಿದರು. ಅವನಿಗೆ ಕೇಳಿಸಲಿಲ್ಲ. ಬ್ಯಾಂಡಿನವರು ಊದುವುದು ನಿಲ್ಲಿಸಿದರು.

ಬೇಬಿ ಕೆಳಗಿನಿಂದ ನೋಡಿದಳು. ಬಿಸಿಲಿನಲ್ಲಿ, ಏರಿನ ತುದಿಯಲ್ಲಿ, ಸೆಲೀನ್ ಬಾಯಿ ನಿಂತಿದ್ದರು. ಇವರು ಬರಲಿ ಎಂದೇ ನಿಂತಿದ್ದರು.

ಚೈನು ಕೂತಿತು. ಟೀಚರ್ ಎದ್ದು ಕೈ ನೋಡಿಕೊಂಡರು, ಮೊಣಕೈಯವರೆಗೂ ಕಪ್ಪು. ಒರಸಲು ಹೊತ್ತಿರಲಿಲ್ಲ. ಹೆಂಗಸರೆಲ್ಲ ಸೈಕಲ್ಲುಗಳನ್ನು ದೂಡಿಕೊಂಡು ಏರು ಹತ್ತಿದರು. ಅವರು ಪೆಟ್ಟಿಗೆಯ ಹಿಂದೆ ಬಂದು ನಿಂತ ಮೇಲೆ ಜೋನನ ಟವೆಲು ಸರಿಯಾಯಿತು.

*

ಮಣ್ಣು ಕೊಟ್ಟಾದ ಮೇಲೆ ಮನೆಯವರು ಸ್ಮಶಾನದ ಗೇಟಿನಲ್ಲಿ ಸಾಲಾಗಿ ನಿಲ್ಲುವುದು, ಬಂದವರು ಒಬ್ಬೊಬ್ಬರಾಗಿ ಕೈ ಮುಟ್ಟಿ ಸಮಾಧಾನ ಹೇಳಿ ಹೋಗುವುದು ಅಲ್ಲಿಯ ಕ್ರಮ. ಲೂಯಿಸ್ ಪೊರ್ಬು, ಅವರ ಹೆಂಡತಿ, ಮಗಳು ಪ್ಯಾಟ್ರಿಶಿಯಾ ಗೇಟಿನ ಬಲಗಡೆ ನಿಂತರು. ಮೂರೇ ಜನ. ಸಾಲೆಂದು ಹೇಳುವ ಹಾಗೂ ಇರಲಿಲ್ಲ.

ಬೇಬಿ ಸೈಕಲ್ಲನ್ನು ನಡೆಸಿಕೊಂಡು ಬಂದು ಗೇಟಿನ ಎಡಗಡೆ ನಿಂತಳು. ಅವಳ ಪಕ್ಕಕ್ಕೆ ಕಾನ್ಸೆಪ್ಟಾ, ಎರ್ಮಾಳಿನ ಅಕ್ಕತಂಗಿಯರು, ನರ್ಸುಗಳು, ಒಳಗಿನ ತುದಿಗೆ ಮನೋರಮಾ ಟೀಚರ್. ಎಡಗೈಯಲ್ಲಿ ಸೈಕಲ್ಲು ಹಿಡಿದು ಎಲ್ಲರೂ ಗೋಡೆಯುದ್ದಕ್ಕೂ ನಿಂತರು.

“ಬೇಬಿ” ಎಂದರು ಲೂಯಿಸ್ ಪೊರ್ಬು ತಗ್ಗಿದ ದನಿಯಲ್ಲಿ. “ಇದು ಮನೆಯವರು ನಿಲ್ಲುವ ಜಾಗ.”

“ಗೊತ್ತುಂಟು ಪೊರ್ಬುಗಳೇ. ಅದಕ್ಕೇ ನಿಂತದ್ದು.”

ಅಷ್ಟರಲ್ಲಿ ಸ್ಮಶಾನದೊಳಗಿನಿಂದ ಜನ ಹೊರಗೆ ಬರತೊಡಗಿದ್ದರು. ಉಡುಪಿಯವರು ಬಲಗಡೆಯ ಮೂವರ ಕೈ ಮುಟ್ಟಿ, ಎಡಗಡೆ ಒಮ್ಮೆ ನೋಡಿ, ಕಾರಿನ ಕಡೆಗೆ ನಡೆದರು. ಅವರ ಹಿಂದಿನವರೂ ಹಾಗೆಯೇ. ಬೇಬಿ ಎದುರಿನ ರಸ್ತೆಯನ್ನೇ ನೋಡುತ್ತಾ ನಿಂತಳು. ಸಂಜೆಯವರೆಗೂ ನಿಲ್ಲಬೇಕಾದರೆ ನಿಲ್ಲುತ್ತೇನೆ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ಕಾಲು ಗಟ್ಟಿಯಿತ್ತು.

ಮ್ಯಾಗ್ಡಲಿನ್ ಬಾಯಿ ಕೋಲೂರಿಕೊಂಡು ಬಂದರು. ಲೂಯಿಸ್ ಪೊರ್ಬುವಿನ ಕೈ ಹಿಡಿದು ಹೇಳಬೇಕಾದ್ದನ್ನು ಹೇಳಿದರು. ಹೊರಡಲು ತಿರುಗಿದವರು ಗೇಟಿನ ನಡುವೆ ನಿಂತು, ಎಡಗಡೆಯ ಸಾಲನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ಅವರ ಹಿಂದೆ ಬರುತ್ತಿದ್ದವರೆಲ್ಲ ನಿಲ್ಲಬೇಕಾಯಿತು. ಮ್ಯಾಗ್ಡಲಿನ್ ಬಾಯಿ ಮನೋರಮಾ ಟೀಚರ ಎದುರಿಗೆ ಬಂದು ಕೈಚಾಚಿದರು.

ಟೀಚರ್ ಕೈಯನ್ನು ಬೆನ್ನ ಹಿಂದೆ ಎಳೆದುಕೊಂಡರು. “ಬೇಡ ಬಾಯಿ, ಕೈಯೆಲ್ಲ ಚೈನಿನ ಮಸಿ.”

“ಕೊಡಿ” ಎಂದರು ಮ್ಯಾಗ್ಡಲಿನ್ ಬಾಯಿ.

ಕೋಲನ್ನು ಕಂಕುಳಿಗೆ ಸಿಕ್ಕಿಸಿ, ಆ ಕರಿ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, “ದೇವರು ನಿಮಗೆ ಸಮಾಧಾನ ಕೊಡಲಿ” ಎಂದರು. ಮನೆಯವರಿಗೆ ಹೇಳುವ ಮಾತು ಅದು. ಆಮೇಲೆ ಮಸಿ ಹತ್ತಿದ ಅಂಗೈಯನ್ನೇ ಪಕ್ಕದ ನರ್ಸಿಗೆ ಚಾಚಿದರು, ಅಲ್ಲಿಂದ ಎರ್ಮಾಳಿನವರಿಗೆ. ಹಿಂದೆ ತಡೆದು ನಿಂತಿದ್ದ ಜನ ಒಬ್ಬೊಬ್ಬರಾಗಿ ಎಡಗಡೆಗೆ ತಿರುಗಿದರು. ಸಾಲಿನ ಹೊರತುದಿಯಲ್ಲಿ ಬೇಬಿ ಬಲಗೈಯನ್ನು ಸೆರಗಿಗೆ ಒರಸಿಕೊಂಡು ಮುಂದೆ ಚಾಚಿ ನಿಂತಳು.